ಕುವೆಂಪುನಗರದ ಅಪ್ಪನ ಮನೆ 14 ತಿಂಗಳಾದರೂ ಹೋಗುತ್ತಿಲ್ಲ. ಎಲ್ಲಿ ಎಡವುತ್ತಿದ್ದೇವೆ?

ಸಂಪಿಗೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಇದೆ. 40×60 ಸೈಟು, ದಕ್ಷಿಣದ ಬಾಗಿಲು, ಉದಯರವಿ ರಸ್ತೆಯಿಂದ ಎರಡು ಕ್ರಾಸ್ ಒಳಗೆ. ಸೈಟು ಅಪ್ಪನಿಗೆ ಸಿಐಟಿಬಿ (ಆಗ ಸೈಟು ಹಂಚುತ್ತಿದ್ದ ಮಂಡಳಿ) ಕಾಲದಲ್ಲಿ ಸಿಕ್ಕಿದ್ದು. 1984ರಲ್ಲಿ ಮನೆ ಕಟ್ಟಿಸಿದರು. ಕೆಳಗೆ ಮಾತ್ರ ಮನೆ, ಮೇಲೆ ಬರೀ ತಾರಸಿ. ರೆಡ್ ಆಕ್ಸೈಡ್ ನೆಲ, ಅಂಚಿಗೆ ಕಪ್ಪು ಪಟ್ಟಿ. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ಮುಂದೆ ಸಂಪಿಗೆ ಮರ, ಹಿಂದೆ ಎರಡು ತೆಂಗು.

ಅಪ್ಪ 2019ರಲ್ಲಿ ಹೋದರು. ಅಮ್ಮ ಈಗ ಮಂಡ್ಯದಲ್ಲಿ ನನ್ನ ತಂಗಿ ಮನೆಯಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ, ತಮ್ಮ ಅಮೆರಿಕದಲ್ಲಿ. ಬೀಗ ಹಾಕಿದ ಮನೆ ನೋಡಿಕೊಳ್ಳುವುದು ಯಾರಿಂದಲೂ ಆಗುತ್ತಿಲ್ಲ ಅಂತ ಮಾರಾಟಕ್ಕೆ ಇಟ್ಟೆವು. 2 ಕೋಟಿ 75 ಲಕ್ಷ ಹೇಳುತ್ತಿದ್ದೇವೆ. ಏಳು ಜನ ಬ್ರೋಕರ್‌ಗಳಿಗೆ ಹೇಳಿದ್ದೇವೆ. ನನ್ನ ಡೈರಿ ಪ್ರಕಾರ ಇಲ್ಲಿಯವರೆಗೆ 31 ಪಾರ್ಟಿ ಬಂದು ನೋಡಿದ್ದಾರೆ. ಎಲ್ಲರೂ "ಮನೆ ಚೆನ್ನಾಗಿದೆ, ಮನೇಲಿ ಮಾತಾಡಿ ಹೇಳ್ತೀವಿ" ಅನ್ನುತ್ತಾರೆ. ಹೋದವರು ಹೋದವರೇ. ಒಬ್ಬರು ಮಾತ್ರ 2 ಕೋಟಿ 10 ಲಕ್ಷಕ್ಕೆ ಕೇಳಿದರು. ತಮ್ಮನಿಗೆ ಸಿಟ್ಟು ಬಂತು.

ನೆಂಟರೆಲ್ಲ ದಕ್ಷಿಣ ಬಾಗಿಲಿನ ದೋಷ ಅನ್ನುತ್ತಿದ್ದಾರೆ. ಹೋಮ ಮಾಡಿಸಿ, 18 ಸಾವಿರ ಆಗುತ್ತದೆ ಅಂತ ಒಬ್ಬರು ಪಟ್ಟಿಯನ್ನೇ ಕಳಿಸಿದ್ದಾರೆ. ಇನ್ನೊಬ್ಬರು ನೆಲ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಮಾಡ್ಯುಲರ್ ಕಿಚನ್ ಮಾಡಿಸಿ, ಆಮೇಲೆ ನೋಡಿ ಅಂತಾರೆ. ಅದಕ್ಕೆ ಎಂಟು ಲಕ್ಷದ ಎಸ್ಟಿಮೇಟ್ ಬಂದಿದೆ. ಹಾಕಬೇಕಾ? ಮಾರಿದ ಅನುಭವ ಇರುವವರು ದಯವಿಟ್ಟು ಹೇಳಿ.

ಬ್ರೋಕರ್‌ಅಲ್ಲ

ಎಂಟು ಲಕ್ಷ ಹಾಕಬೇಡಿ ಮೇಡಂ. ಮೊದಲು ಒಂದು ಪ್ರಶ್ನೆ. 2.75 ಅಂತ ಯಾರು ಹೇಳಿದ್ದು?

ಸಂಪಿಗೆಮನೆ

ಪಂಚಮಂತ್ರ ರಸ್ತೆಯಲ್ಲಿ ನಮ್ಮಷ್ಟೇ ಸೈಟು, ಹಳೇ ಮನೆ, ಆ ಬೆಲೆಗೆ ಹೋಯಿತು ಅಂತ ಅಪ್ಪನ ಸ್ನೇಹಿತರು ಹೇಳಿದರು. ನಮ್ಮದೂ ಅಷ್ಟೇ ಅಳತೆ ಅಲ್ವಾ ಅಂತ ಇಟ್ಟೆವು.

ಬ್ರೋಕರ್‌ಅಲ್ಲ

ಅಲ್ಲೇ ಇರುವುದು ವಿಷಯ. ಅದು ಮುಖ್ಯ ರಸ್ತೆ. ಕೆಳಗೆ ಎರಡು ಅಂಗಡಿ, ಮೇಲೆ ಕ್ಲಿನಿಕ್ ಅಂತ ಲೆಕ್ಕ ಹಾಕಿ ತೆಗೆದುಕೊಂಡಿರುತ್ತಾರೆ. ನಿಮ್ಮದು ಕ್ರಾಸ್ ಒಳಗೆ. ಅಲ್ಲಿ ವಾಸಕ್ಕೆ ಬರುವವರು ಮಾತ್ರ ಕೊಳ್ಳುತ್ತಾರೆ. ಅಳತೆ ಒಂದೇ ಇರಬಹುದು, ಗಿರಾಕಿ ಬೇರೆ.

2400 ಚದರಡಿಗೆ 2.75 ಕೋಟಿ ಅಂದರೆ ಚದರಡಿಗೆ 11,450 ರೂಪಾಯಿ ಮೇಲಾಯಿತು. 2.10 ಕೇಳಿದವರು 8,750ರ ಲೆಕ್ಕ ಹಿಡಿದಿದ್ದಾರೆ. ಅವರು ನಿಮ್ಮ ಮನೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಗಮನಿಸಿ. ಬರೀ ಜಾಗಕ್ಕೆ ಕೊಟ್ಟಿದ್ದಾರೆ. ನೀವು ಮನೆ ಮಾರುತ್ತಿದ್ದೀರಿ, ಬರುವವರು ಸೈಟು ಕೊಳ್ಳಲು ಬರುತ್ತಿದ್ದಾರೆ. ನಲವತ್ತು ವರ್ಷದ ಗೋಡೆಗೆ ನೀವು ಇಟ್ಟ ಬೆಲೆ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೆಲವರ ಲೆಕ್ಕದಲ್ಲಿ ಅದು ಮೈನಸ್, ಒಡೆಸುವ ಖರ್ಚು.

ಸಂಪಿಗೆಮನೆ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ಕಿಟಕಿ ಬಾಗಿಲೆಲ್ಲ ತೇಗ. ಅಪ್ಪ ನಿಂತು ಮಾಡಿಸಿದ್ದು.

ಮಂಡ್ಯಗೌಡ್ರು

ಹೆತ್ತವರಿಗೆ ಹೆಗ್ಗಣ ಮುದ್ದು ಅಕ್ಕ, ತಪ್ಪು ತಿಳೀಬೇಡಿ. ನಮ್ಮ ಸುಭಾಷ್‌ನಗರದ ಮನೆ ಮಾರುವಾಗ ನಾನೂ ಹಿಂಗೇ ಕುಣಿದಿದ್ದೆ. ತಾರಸಿಗೆ ಸುರಿದ ಸಿಮೆಂಟಿನ ಲೆಕ್ಕ ಎಲ್ಲ ಹೇಳುತ್ತಿದ್ದೆ. ಕೇಳುವವರು ಗಡಿಯಾರ ನೋಡುತ್ತಿದ್ದರು.

ತೇಗದ ಬಾಗಿಲಿಗೆ ಬೆಲೆ ಇದೆ, ಆದರೆ ಅದು ಹಳೇ ಮರದ ಅಂಗಡಿಯಲ್ಲಿ. ಒಡೆಸುವ ಪಾರ್ಟಿ ಬಂದರೆ "ಬಾಗಿಲು ಕಿಟಕಿ ನಾವು ಇಟ್ಟುಕೊಳ್ಳುತ್ತೇವೆ" ಅಂತ ಕರಾರಿನಲ್ಲೇ ಬರೆಸಿ. ಅಪ್ಪಾಜಿಯವರ ನೆನಪೂ ಉಳಿಯುತ್ತದೆ.

ಇನ್ನೊಂದು ಮಾತು. ಅಕ್ಕಪಕ್ಕದ ಮನೆಯವರನ್ನು ಕೇಳಿದಿರಾ? ನಮ್ಮ ಮನೆ ಎರಡು ವರ್ಷ ಬ್ರೋಕರ್‌ಗಳ ಕೈಯಲ್ಲಿ ಸುತ್ತಿ, ಕೊನೆಗೆ ಕೊಂಡವರು ಕಾಂಪೌಂಡಿನ ಆಚೆಯವರು. ಅವರಿಗೆ ನಾವು ಮಾರುತ್ತಿರುವುದೇ ಗೊತ್ತಿರಲಿಲ್ಲ. ಬೋರ್ಡ್ ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಮರ್ಯಾದೆ ಪ್ರಶ್ನೆ ಅಂತ ನಮ್ಮಪ್ಪ ಹಾಕಿಸಿರಲಿಲ್ಲ.

ಸಂಪಿಗೆಮನೆ

ನಾವೂ ಬೋರ್ಡ್ ಹಾಕಿಲ್ಲ ಗೌಡ್ರೇ. ಅಮ್ಮನಿಗೆ ಇಷ್ಟವಿಲ್ಲ.

ಹತ್ತೊಂಬತ್ತುಮನೆ

ನಾನು ಕೊಳ್ಳುವ ಕಡೆಯವನು. ಒಂದು ವರ್ಷದಿಂದ ಕುವೆಂಪುನಗರ, ರಾಮಕೃಷ್ಣನಗರ, ಸರಸ್ವತಿಪುರಂ ಅಂತ 19 ಮನೆ ನೋಡಿದ್ದೇವೆ. ನೀವು ಹೇಳಿದ ಗುರುತು ಕೇಳಿದರೆ ನಿಮ್ಮ ಮನೆಯನ್ನೂ ನೋಡಿದ್ದೇವೆ ಅನ್ನಿಸುತ್ತದೆ. ಗೇಟಿನ ಎಡಕ್ಕೆ ಸಂಪಿಗೆ, ಹಾಲಿನಲ್ಲಿ ಗೋಡೆಯೊಳಗೆ ಕೂರಿಸಿದ ಗಾಜಿನ ಷೋಕೇಸು, ಅದರಲ್ಲಿ ಚನ್ನಪಟ್ಟಣದ ಬೊಂಬೆ?

ಸಂಪಿಗೆಮನೆ

ಹೌದು! ಅದೇ ಮನೆ. ಯಾಕೆ ಬೇಡ ಅಂದಿರಿ? ಮುಲಾಜಿಲ್ಲದೆ ಹೇಳಿ.

ಹತ್ತೊಂಬತ್ತುಮನೆ

ಮುಲಾಜಿಲ್ಲದೆ ಅಂದಿದ್ದೀರಿ, ಹೇಳುತ್ತೇನೆ.

ನಾವು ನಾಲ್ಕು ಜನ ಬಂದಿದ್ದೆವು. ನಾನು, ನನ್ನ ಹೆಂಡತಿ, ಮಗಳು, ನಮ್ಮತ್ತೆ. ಬ್ರೋಕರ್ ಬಾಗಿಲು ತೆಗೆದ ತಕ್ಷಣ ನುಸಿಗುಳಿಗೆ ವಾಸನೆ ಮೂಗಿಗೆ ಬಡಿಯಿತು. ಲೈಟ್ ಹಾಕಲು ಹೋದರೆ ಕರೆಂಟ್ ಇಲ್ಲ, ಮೇನ್ ಆಫ್ ಆಗಿತ್ತಂತೆ. ಮಧ್ಯಾಹ್ನ ಮೂರು ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದು ಬೆಡ್‌ರೂಮ್ ನೋಡಿದೆವು. ನಮ್ಮತ್ತೆ ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಅವರು ಯಾವ ಮನೆಗೆ ಹೋದರೂ ಮೊದಲು ಮಾಡುವ ಕೆಲಸ ಅದು. ನಲ್ಲಿ ಗೊರಗೊರ ಅಂದಿತು, ಕೆಮ್ಮಿತು, ಆಮೇಲೆ ಇಟ್ಟಿಗೆ ಬಣ್ಣದ ನೀರು ಎರಡು ಲೋಟದಷ್ಟು ಬಿದ್ದು ನಿಂತುಹೋಯಿತು. ಅತ್ತೆ ಹೊರಗೆ ಬಂದು "ಈ ಮನೇಲಿ ನೀರಿಲ್ಲ" ಅಂದರು. ಮುಗಿಯಿತು. ಆಮೇಲೆ ನಾನು ಏನು ಹೇಳಿದರೂ ನಡೆಯಲಿಲ್ಲ.

ಎರಡನೆಯದು, ಖಾತೆ ಯಾರ ಹೆಸರಲ್ಲಿದೆ ಅಂದೆ. "ಯಜಮಾನರ ಹೆಸರಲ್ಲಿದೆ ಸರ್, ತೀರಿಕೊಂಡಿದ್ದಾರೆ, ಅದೆಲ್ಲ ಮಾಡಿಕೊಡ್ತಾರೆ" ಅಂದ ಬ್ರೋಕರ್. ಬೆಲೆ ಕೇಳಿದರೆ ನಿಮ್ಮ ತಮ್ಮನಿಗೆ ವಿಡಿಯೋ ಕಾಲ್ ಹಾಕಿಕೊಟ್ಟ. ಅವರು "ನಮಗೇನೂ ಅರ್ಜೆಂಟ್ ಇಲ್ಲ, ಒಳ್ಳೆ ಆಫರ್ ಬಂದರೆ ನೋಡೋಣ" ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮಾರುತ್ತಾರೋ ಇಲ್ಲವೋ ಅಂತಲೇ ಗೊತ್ತಾಗಲಿಲ್ಲ. ಇನ್ನೊಂದು ಬ್ರೋಕರ್ ಆ್ಯಪ್‌ನಲ್ಲಿ ಅದೇ ಮನೆ, ಅದೇ ಫೋಟೋ, 2.90. ಮತ್ತೊಬ್ಬನ ಹತ್ತಿರ 2.60. ಇದರಲ್ಲಿ ಯಾವುದನ್ನು ನಂಬೋಣ?

ದಕ್ಷಿಣ ಬಾಗಿಲಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೇ ಎತ್ತಲಿಲ್ಲ.

ಸಂಪಿಗೆಮನೆ

ಅಯ್ಯೋ. ಆ ಮನೆಯಲ್ಲಿ ನೀರಿಗೆ ಯಾವತ್ತೂ ತೊಂದರೆ ಇರಲಿಲ್ಲ. ಅಮ್ಮ ಮಂಡ್ಯಕ್ಕೆ ಹೊರಟಾಗ ಸೊಳ್ಳೆ ಆಗುತ್ತದೆ ಅಂತ ಸಂಪ್ ಖಾಲಿ ಮಾಡಿಸಿದ್ದು. ಕರೆಂಟ್ ಮೇನ್ ನಾನೇ ಆಫ್ ಮಾಡಿ ಬಂದಿದ್ದೆ. 31 ಪಾರ್ಟಿಗೂ ಇದನ್ನೇ ತೋರಿಸಿದ್ದೇವೆ ಅಂತಾಯಿತು.

ಅಗ್ರಹಾರದಹುಡುಗ

ನಿಮ್ಮದೇ ಪರವಾಗಿಲ್ಲ. ಅಗ್ರಹಾರದಲ್ಲಿ ನಮ್ಮ ತಾತನ ಮನೆ. ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಮನೆ, ಜಗಲಿ, ಒಳಗೆ ಚಿಕ್ಕ ತೊಟ್ಟಿ. ನೋಡಲು ಬಂದವರೆಲ್ಲ ಜಗಲಿ ಮೇಲೆ ಕೂತು ಫೋಟೋ ತೆಗೆಸಿಕೊಂಡು ಹೋದರು. ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳಿ ಎದ್ದರು. ಮೂರು ವರ್ಷ ಹಿಡಿಯಿತು.

ನಮಗೆ ಕೊನೆಗೆ ಸಹಾಯವಾದದ್ದು ಸಣ್ಣ ವಿಷಯಗಳು. ಒಬ್ಬ ಹೆಂಗಸಿಗೆ ತಿಂಗಳಿಗೆ ಎರಡು ಸಾವಿರ ಕೊಟ್ಟು ವಾರಕ್ಕೆ ಎರಡು ಸಲ ಕಿಟಕಿ ತೆಗೆಸಿ, ಗುಡಿಸಿ, ನೆಲ ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿಸಿದೆವು. ರಂಗೋಲಿ ಇದ್ದರೆ ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ತಾತನ ಬೀರು, ಮಂಚ, ಹಳೇ ಟ್ರಂಕುಗಳನ್ನೆಲ್ಲ ತೆಗೆದೆವು. ಅಟ್ಟದ ಮೇಲೆ ಏಳು ಹಿತ್ತಾಳೆ ಹಂಡೆ ಇದ್ದವು, ಅವನ್ನು ಹಂಚಿಕೊಳ್ಳುವಾಗ ನಡೆದ ಜಗಳದ ಕಥೆ ಬೇರೆ.

ರೆಡ್ ಆಕ್ಸೈಡ್ ನೆಲ ಮಾತ್ರ ಕೀಳಬೇಡಿ ಮೇಡಂ. ಕೊಬ್ಬರಿ ಎಣ್ಣೆ ಸ್ವಲ್ಪ ಹಾಕಿ ಉಜ್ಜಿಸಿ, ಹೊಳೆಯುತ್ತದೆ. ಈಗ ಅದನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಬೇಡದವರು ಹೇಗೂ ಮನೆ ಒಡೆಸುತ್ತಾರೆ, ನಿಮ್ಮ ಟೈಲ್ಸ್ ಅವರಿಗೂ ಬೇಡ. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ ಆಗುತ್ತದೆ ಆ ಎಂಟು ಲಕ್ಷ.

ಯೋಗಿ_ಗೋಕುಲಂ

ಮಾರುವುದೇ ಯಾಕೆ? ಹೋಂಸ್ಟೇ ಮಾಡಿ. ಯೋಗ ಕಲಿಯಲು ಬರುವ ಫಾರಿನರ್ಸ್ ಹಳೇ ಮನೆ ಅಂದರೆ ಪ್ರಾಣ ಬಿಡುತ್ತಾರೆ.

ಬ್ರೋಕರ್‌ಅಲ್ಲ

ಅವರೆಲ್ಲ ನಿಮ್ಮ ಗೋಕುಲಂ ಬಿಟ್ಟು ಊರಿನ ಆ ಕಡೆಗೆ ಯಾಕೆ ಬರುತ್ತಾರೆ ಸರ್? ಮೂವರು ಮಕ್ಕಳು ಮೂರು ಊರಲ್ಲಿದ್ದುಕೊಂಡು ಹೋಂಸ್ಟೇಯ ಹಾಸಿಗೆ ಬಟ್ಟೆ ಯಾರು ಒಗೆಸುತ್ತಾರೆ?

ರಿಟೈರ್ಡ್‌ಗುಮಾಸ್ತ

ನೀರು, ಕರೆಂಟು, ರಂಗೋಲಿ ಎಲ್ಲ ಸರಿ. ಆದರೆ ನಾಳೆಯೇ ಒಬ್ಬರು ಬಂದು 2.75 ಪೂರ್ತಿ ಕೊಡುತ್ತೇನೆ ಅಂದರೂ ನಿಮ್ಮಿಂದ ರಿಜಿಸ್ಟರ್ ಮಾಡಿಕೊಡಲು ಆಗುವುದಿಲ್ಲ ಮೇಡಂ. ಅದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಈಗ ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಖಾತೆ, ಇಲ್ಲದೆ ನಗರದೊಳಗಿನ ಆಸ್ತಿಯ ನೋಂದಣಿ ಆಗುವುದಿಲ್ಲ. ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶ ಮಾಲೀಕರ ಹೆಸರನ್ನು ನೇರ ಇ-ಖಾತೆಯ ತಂತ್ರಾಂಶವಾದ ಇ-ಆಸ್ತಿಯಿಂದ ಎಳೆದುಕೊಳ್ಳುತ್ತದೆ. ತೀರಿಕೊಂಡವರ ಹೆಸರಲ್ಲಿದ್ದರೆ ಅಲ್ಲಿಗೇ ನಿಂತಿತು. ತಂದೆಯವರು ವಿಲ್ ಬರೆದಿದ್ದಾರಾ? ಇಲ್ಲದಿದ್ದರೆ, ಅವರ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ನಿಮ್ಮ ತಾಯಿ ಮತ್ತು ಮೂವರು ಮಕ್ಕಳಿಗೆ ಸಮಪಾಲು, ತಲಾ ನಾಲ್ಕನೇ ಒಂದು. ಹೆಣ್ಣುಮಕ್ಕಳಿಗೆ ಕಡಿಮೆ ಅಂತ ಏನೂ ಇಲ್ಲ. ತಂದೆಯವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತಿತ್ತು.

ಮಾಡಬೇಕಾದ್ದು ಇಷ್ಟು. ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ಪಾಲಿಕೆಯಲ್ಲಿ ಖಾತೆಯನ್ನು ನಾಲ್ವರ ಹೆಸರಿಗೆ ಮಾಡಿಸಿ, ಇ-ಖಾತೆ ತೆಗೆಸಿ. ಕಂದಾಯ ಬಾಕಿ ಇಟ್ಟುಕೊಳ್ಳಬೇಡಿ. ವಾಣಿ ವಿಲಾಸ ನೀರು ಸರಬರಾಜು ಕಚೇರಿಯ ಬಿಲ್ ಒಮ್ಮೆ ನೋಡಿ. ಬೀಗ ಹಾಕಿದ ಮನೆಗಳಲ್ಲಿ ಅದು ಸದ್ದಿಲ್ಲದೆ ಬೆಳೆದಿರುತ್ತದೆ.

ಆಮೇಲೆ ಸಿಐಟಿಬಿ ಕಾಗದ. ಆಗ ಸೈಟು ಕೊಡುವಾಗ ಮೊದಲು ಲೀಸ್ ಕಂ ಸೇಲ್ ಕರಾರು ಮಾಡುತ್ತಿದ್ದರು, ಅವಧಿ ಮುಗಿದ ಮೇಲೆ ಕ್ರಯಪತ್ರ. ಎಷ್ಟೋ ಜನ ಮೊದಲನೆಯದನ್ನೇ ಜೋಪಾನವಾಗಿ ಇಟ್ಟುಕೊಂಡು, ಎರಡನೆಯದನ್ನು ಮಾಡಿಸಿಯೇ ಇರುವುದಿಲ್ಲ. ಸಿಐಟಿಬಿ ಹೋಗಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬಂದದ್ದು 1988ರಲ್ಲಿ. ಕ್ರಯಪತ್ರದ ಮೇಲೆ ಮುಡಾ ಮೊಹರಿದ್ದರೂ ಗಾಬರಿ ಬೇಡ, ಇರಬೇಕಾದ್ದು ಆ ಪತ್ರ. ಇಸಿ (ಋಣಭಾರ ಪತ್ರ) ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಹುಡುಕಿಸಬೇಕು. ಎಲ್ಲವನ್ನೂ ಜೆರಾಕ್ಸ್ ಮಾಡಿ ಒಂದು ಫೈಲಿಗೆ ಹಾಕಿ, ಬಂದವರ ಕೈಗೆ ಕೊಡಿ. ಫೈಲು ದಪ್ಪಗಿದ್ದರೆ ಚೌಕಾಸಿ ತೆಳ್ಳಗಾಗುತ್ತದೆ.

ಸಂಪಿಗೆಮನೆ

ಸರ್, ಈಗಷ್ಟೇ ತಂಗಿಗೆ ಫೋನ್ ಮಾಡಿ ಟ್ರಂಕ್ ತೆಗೆಸಿದೆ. ಲೀಸ್ ಕಂ ಸೇಲ್ ಇದೆ, 1991ರ ಕ್ರಯಪತ್ರವೂ ಇದೆ. ಜೀವ ಬಂತು. ವಿಲ್ ಇಲ್ಲ. ಅಜ್ಜಿ ಅಪ್ಪನಿಗಿಂತ ಮೊದಲೇ ಹೋದರು. ಆದರೆ ತಮ್ಮ ಬರದೆ ಆಗುತ್ತದಾ? ರಜೆ ಸಿಗುವುದು ಕಷ್ಟ.

ರಿಟೈರ್ಡ್‌ಗುಮಾಸ್ತ

ಅವರು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ನಿಮ್ಮ ಹೆಸರಿಗೆ ಜಿಪಿಎಗೆ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರಕ್ಕೆ) ಸಹಿ ಮಾಡಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಜಿಪಿಎಯಲ್ಲಿ ಈ ಮನೆಯ ವಿವರ, ಮಾರುವ ಅಧಿಕಾರ ಸ್ಪಷ್ಟವಾಗಿ ಇರಲಿ. ಕರಡನ್ನು ವಕೀಲರಿಗೆ ತೋರಿಸದೆ ಸಹಿ ಹಾಕಿಸಬೇಡಿ.

ಲೆಕ್ಕಪತ್ರ

ತಮ್ಮ ಎನ್‌ಆರ್‌ಐ ಅಂದಿರಿ, ಅಲ್ಲಿ ಇನ್ನೊಂದು ಗಂಟಿದೆ. ಇಲ್ಲಿ ಇರುವವರಿಂದ 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿ ಕೊಂಡರೆ ಕೊಳ್ಳುವವರು 1% ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ಆಯಿತು. ಎನ್‌ಆರ್‌ಐ ಪಾಲಿಗೆ ಆ ಲೆಕ್ಕ ನಡೆಯುವುದಿಲ್ಲ. ಬಹಳ ಜಾಸ್ತಿ ಹಿಡಿಯಬೇಕು, ಹಿಡಿಯದಿದ್ದರೆ ಕೊಂಡವರ ತಲೆ ಮೇಲೆ ಬರುತ್ತದೆ. ಇದು ಗೊತ್ತಿರುವ ಗಿರಾಕಿ "ಎನ್‌ಆರ್‌ಐ" ಅಂದ ಕೂಡಲೇ ಹಿಂದೆ ಸರಿಯುತ್ತಾನೆ. ನಿಮ್ಮ ತಮ್ಮ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರ ತೆಗೆಸಿಟ್ಟುಕೊಂಡರೆ ಈ ಭಯ ಹೋಗುತ್ತದೆ.

ನಿಮಗೆ, ತಾಯಿಗೆ, ತಂಗಿಗೆ ಲಾಭದ ಮೇಲಿನ ತೆರಿಗೆಯಲ್ಲಿ ಆಯ್ಕೆ ಇದೆ. 12.5% ನೇರ, ಇಲ್ಲವೇ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಮೂಲಬೆಲೆ ಏರಿಸುವ) ಲೆಕ್ಕ ಹಾಕಿ 20%, ಯಾವುದು ಕಡಿಮೆಯೋ ಅದು. 1984ರ ಖರ್ಚಿನ ಬದಲು 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆ ಅಂತ ಹಿಡಿಯಬಹುದು. ತಮ್ಮನಿಗೆ 20%ರ ಆಯ್ಕೆ ಇಲ್ಲ.

ಇನ್ನು ಕೊಳ್ಳುವವರ ಜೇಬು ನೋಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಸ್ಟ್ಯಾಂಪ್ ಡ್ಯೂಟಿ, ಸೆಸ್ಸು ಎಲ್ಲ ಸೇರಿ ನಗರದಲ್ಲಿ 7.6%. ನಿಮ್ಮ 2.75ಕ್ಕೆ ಅದೇ ಸುಮಾರು 21 ಲಕ್ಷ. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕ್ ಬೆಲೆಯ 75% ಮೀರಿ ಕೊಡುವುದಿಲ್ಲ. ಅಂದರೆ ಕೈಯಿಂದ ಸುಮಾರು 90 ಲಕ್ಷ ಹಾಕಬೇಕು. ಉಳಿದ 2 ಕೋಟಿ ಚಿಲ್ಲರೆ ಸಾಲಕ್ಕೆ, 8% ಬಡ್ಡಿ, 20 ವರ್ಷ ಅಂತ ಹಿಡಿದರೂ ತಿಂಗಳ ಕಂತು 1 ಲಕ್ಷ 70 ಸಾವಿರದ ಆಸುಪಾಸು. ಆಮೇಲೆ ಒಡೆದು ಕಟ್ಟಬೇಕು. ಮೈಸೂರಿನಲ್ಲಿ ಅಂಥವರು ಎಷ್ಟು ಜನ ಸಿಗುತ್ತಾರೆ? ಗಿರಾಕಿ ಬರುತ್ತಿಲ್ಲ ಅಂತ ಅಲ್ಲ, ಈ ಬೆಲೆಗೆ ಇರುವ ಗಿರಾಕಿಗಳೇ ಬೆರಳೆಣಿಕೆಯಷ್ಟು.

ಮಂಡ್ಯಗೌಡ್ರು

ಅರ್ಧ ಬ್ಲಾಕ್ ಅರ್ಧ ವೈಟ್ ಮಾಡಿಕೊಂಡರೆ ಗಿರಾಕಿಗೂ ಹಗುರ ಆಗಲ್ವಾ ಸಾರ್?

ಲೆಕ್ಕಪತ್ರ

ಗೌಡ್ರೇ, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ. ತೆಗೆದುಕೊಂಡವರಿಗೆ, ಅಂದರೆ ಮೇಡಂ ಮನೆಯವರಿಗೆ. ನಾಲ್ಕು ಜನ ವಾರಸುದಾರರಲ್ಲಿ ನಗದು ಯಾರ ಬೀರುವಿನಲ್ಲಿತ್ತು ಅಂತ ಶುರುವಾದರೆ ಅಲ್ಲಿಗೆ ಅಣ್ಣತಮ್ಮಂದಿರ ಕಥೆಯೂ ಮುಗಿಯಿತು. ಬೇಡ.

ಮಂಡ್ಯಗೌಡ್ರು

ಸುಮ್ನೆ ಕೇಳಿದೆ. 😄

ಕಾಲಂಬೀಮ್

ಸಿವಿಲ್ ಎಂಜಿನಿಯರ್. 1984ರ ಮನೆ ಅಂದರೆ ಬಹುಶಃ ಕಾಲಂ ಇಲ್ಲದ, ಗೋಡೆಯೇ ಭಾರ ಹೊರುವ ಮನೆ. ಬರುವವರೆಲ್ಲ ಮನಸ್ಸಿನಲ್ಲಿ "ಮೇಲೆ ಇನ್ನೊಂದು ಮಹಡಿ ಎತ್ತಬಹುದಾ?" ಅಂತ ಕೇಳಿಕೊಳ್ಳುತ್ತಿರುತ್ತಾರೆ. ಸ್ಥಳೀಯ ಎಂಜಿನಿಯರ್ ಒಬ್ಬರಿಂದ ಪಾಯ, ಗೋಡೆ, ತಾರಸಿ ಪರೀಕ್ಷೆ ಮಾಡಿಸಿ ಎರಡು ಪುಟದ ವರದಿ ತೆಗೆದುಕೊಳ್ಳಿ. ಆಗಲ್ಲ ಅಂತ ಬಂದರೆ ಅದನ್ನೂ ಹೇಳಿಬಿಡಿ. ತಾರಸಿ ಸೋರುತ್ತಿದ್ದರೆ ಅದೊಂದನ್ನು ಮಾತ್ರ ರಿಪೇರಿ ಮಾಡಿಸಿ. ಸೋರಿದ ಕಲೆಯ ಮೇಲೆ ಬಣ್ಣ ಬಳಿಸಬೇಡಿ, ಮುಚ್ಚಿಟ್ಟಿದ್ದಾರೆ ಅನ್ನಿಸುತ್ತದೆ.

ವಾಸ್ತುಮಿತ್ರ

ದಕ್ಷಿಣ ಬಾಗಿಲಾದರೂ ಆಗ್ನೇಯಕ್ಕೆ ಸರಿದಿದ್ದರೆ ದೋಷವಿಲ್ಲ. ರಸ್ತೆ ಕುತ್ತು, ಅಂದರೆ ರಸ್ತೆ ನೇರ ಮನೆಗೇ ಬಂದು ಮುಟ್ಟುವುದು, ಇದೆಯೇ ನೋಡಿ. ಹೋಮ ಮಾಡಿಸಿದರೆ ನಷ್ಟವೇನು?

ಅಗ್ರಹಾರದಹುಡುಗ

ಹದಿನೆಂಟು ಸಾವಿರ ನಷ್ಟ ಸ್ವಾಮಿ. ಮೇಡಂ, ಅಮ್ಮನ ಸಮಾಧಾನಕ್ಕೆ ಗಣಪತಿ ಪೂಜೆ ಮಾಡಿಸಿ, ಸಾಕು. ದಕ್ಷಿಣ ಬೇಡ ಅನ್ನುವವರು ಇದ್ದೇ ಇರುತ್ತಾರೆ. ಅವರು ಗೇಟಿನವರೆಗೆ ಬಂದು ವಾಪಸ್ ಹೋಗುವುದಕ್ಕಿಂತ, ಜಾಹೀರಾತಿನ ಮೊದಲ ಸಾಲಿನಲ್ಲೇ "ದಕ್ಷಿಣ ಬಾಗಿಲು" ಅಂತ ಹಾಕಿ. ಬರುವವರು ಹತ್ತೇ ಜನ ಆದರೂ ಒಪ್ಪಿಕೊಂಡು ಬರುತ್ತಾರೆ.

ಆಷಾಢದಲ್ಲಿ, ಪಿತೃಪಕ್ಷದಲ್ಲಿ ಯಾರೂ ಟೋಕನ್ ಮುಂಗಡ ಕೊಡುವುದಿಲ್ಲ. ಆಗ ಬೆಲೆ ಇಳಿಸಬೇಡಿ, ಕಾಗದದ ಕೆಲಸ ಮಾಡಿಕೊಳ್ಳಿ.

ಸಂಪಿಗೆಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಮಂಡ್ಯದಲ್ಲಿ ಸೇರಿ, ತಮ್ಮನನ್ನು ಫೋನಿನಲ್ಲಿ ಕೂರಿಸಿಕೊಂಡು ಮಾತಾಡುತ್ತೇವೆ.

ಸಂಪಿಗೆಮನೆ (ಮೂರು ತಿಂಗಳ ನಂತರ)

ಮರೆತಿದ್ದೀರಾ ಅಂದುಕೊಂಡಿದ್ದೇನೆ, ಆದರೂ ಹೇಳಬೇಕು.

ಭಾನುವಾರದ ಮಾತುಕತೆ ಸಲೀಸಾಗಿ ನಡೆಯಲಿಲ್ಲ. ತಮ್ಮ 2.75 ಬಿಡಲು ಒಪ್ಪಲೇ ಇಲ್ಲ. ಲೆಕ್ಕಪತ್ರ ಸರ್ ಹಾಕಿದ ಲೆಕ್ಕವನ್ನು ಓದಿ ಹೇಳಿದೆ. "ಹಾಗಾದರೆ ನೀನು ಕೊಳ್ಳುತ್ತೀಯಾ ಆ ಬೆಲೆಗೆ?" ಅಂತ ತಂಗಿ ಕೇಳಿದಳು. ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ ಅಮ್ಮನೇ, "ನಾನಿರುವಾಗಲೇ ಮಾರಿ ಹಂಚಿಕೊಳ್ಳಿ, ನಾನು ಹೋದ ಮೇಲೆ ಕಿತ್ತಾಡಬೇಡಿ" ಅಂದರು. 2 ಕೋಟಿ 40 ಲಕ್ಷ ಅಂತ ಇಟ್ಟೆವು, 2.25ರ ಕೆಳಗೆ ಇಳಿಯುವುದಿಲ್ಲ ಅಂತ ನಾಲ್ಕೂ ಜನ ಒಪ್ಪಿದೆವು. ಬೆಲೆ ಮಾತಾಡುವುದು ನಾನೊಬ್ಬಳೇ. ಆರು ಬ್ರೋಕರ್‌ಗಳಿಗೆ ಬೇಡ ಅಂದೆವು, ಒಬ್ಬರನ್ನು ಇಟ್ಟುಕೊಂಡೆವು. ಅವರ ಆ್ಯಪ್‌ಗಳಿಂದ ಹಳೇ ಫೋಟೋ ತೆಗೆದುಹಾಕಿಸುವುದಕ್ಕೆ ಒಂದು ತಿಂಗಳು ಹೋರಾಡಬೇಕಾಯಿತು.

ಇ-ಖಾತೆ ಹೋದ ವಾರ ಕೈಗೆ ಬಂತು. ವಂಶವೃಕ್ಷದಲ್ಲಿ ತಂಗಿಯ ಹೆಸರು ತಪ್ಪಾಗಿ ಎರಡು ಸಲ ಓಡಾಡಿದೆ. ಜಿಪಿಎ ಬಂದಿದೆ, ಸ್ಟ್ಯಾಂಪ್ ಆಗಿದೆ. ತಮ್ಮನ ಟಿಡಿಎಸ್ ಪ್ರಮಾಣಪತ್ರ ಇನ್ನೂ ಬರಬೇಕು. ಎಂಟು ಲಕ್ಷದ ಬದಲು ತಾರಸಿ ರಿಪೇರಿ, ನಲ್ಲಿ ಪೈಪು, ಸುಣ್ಣ ಎಲ್ಲ ಸೇರಿ 1 ಲಕ್ಷ 10 ಸಾವಿರ ಆಯಿತು. ನೆಲವನ್ನು ನಾನೇ ಕೂತು ಉಜ್ಜಿದೆ. ಬೊಂಬೆಗಳು ಈಗ ಮಂಡ್ಯದಲ್ಲಿವೆ.

ಗೌಡ್ರೇ, ಬೋರ್ಡ್‌ಗೆ ಅಮ್ಮ ಕೊನೆಗೂ ಒಪ್ಪಿದರು. ಆದರೆ ಹಾಕುವ ಮೊದಲೇ ಹಿಂದಿನ ಬೀದಿಯವರು ತೆಂಗಿನಕಾಯಿ ಕೀಳಿಸುವ ವಿಷಯಕ್ಕೆ ಮಾತಾಡಿಸಿದರು. ಹಾಗೇ ಹೇಳಿದೆ. "ಮಾರುತ್ತಿದ್ದೀರಾ? ನಮ್ಮ ಮಗಳು ಬೆಂಗಳೂರು ಬಿಟ್ಟು ಬರುತ್ತೇನೆ ಅಂತ ಎರಡು ವರ್ಷದಿಂದ ಮನೆ ಹುಡುಕುತ್ತಿದ್ದಾಳೆ" ಅಂದರು. ಮಗಳು ಅಳಿಯ ಒಂದು ಸಲ ಬಂದು ನೋಡಿದ್ದಾರೆ. ಫೈಲನ್ನು ವಕೀಲರಿಗೆ ಕೊಟ್ಟಿದ್ದಾರೆ. ಒಡೆಸುವುದಿಲ್ಲವಂತೆ ಸದ್ಯಕ್ಕೆ. ಬಾಯಿಮಾತಿನಲ್ಲಿ 2.28 ಅಂದಿದ್ದಾರೆ, ಟೋಕನ್ ಇನ್ನೂ ಕೊಟ್ಟಿಲ್ಲ. ಶನಿವಾರ ಹತ್ತು ಗಂಟೆಗೆ ಅಳಿಯನ ತಾಯಿಯನ್ನು ಕರೆದುಕೊಂಡು ಬರುತ್ತಾರೆ.

ಹತ್ತೊಂಬತ್ತುಮನೆ

ಅತ್ತೆ ಬರುತ್ತಾರೆ ಅಂದರೆ ನಲ್ಲಿ ತಿರುಗಿಸುತ್ತಾರೆ ಮೇಡಂ, ನೆನಪಿರಲಿ.

ಸಂಪಿಗೆಮನೆ

ಶುಕ್ರವಾರ ರಾತ್ರಿಯೇ ಹೋಗಿ ಸಂಪ್ ತುಂಬಿಸುತ್ತೇನೆ. ಪೈಪಿನಲ್ಲಿರುವ ಹಳೇ ನೀರೆಲ್ಲ ಸಂಪಿಗೆ ಮರಕ್ಕೆ ಬಿಟ್ಟುಬಿಡುತ್ತೇನೆ.